ಹರಿದದ್ದು ಕಾಣಲಿ ಎಂದವರು

ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಪಿಂಗಾಣಿ ಕಪ್ಪಿನ ಮೈಮೇಲೆ, ಬಾಯಿಂದ ತಳದವರೆಗೆ, ಅಂಟು ಹಾಕಿದ ಕಪ್ಪು ಗೆರೆಯೊಂದು ಜರಿಹುಳುವಿನಂತೆ ಹರಿದಿತ್ತು. ಹೊನ್ನವಳ್ಳಿಯ ಶಾಲೆಗೆ ಹೊಸದಾಗಿ ಟೀಚರಾಗಿ ಬಂದು ಅವರ ಹೊರಕೋಣೆಯನ್ನು ಬಾಡಿಗೆಗೆ ಹಿಡಿದ ದಿನ, ಅದರಲ್ಲೇ ಕಾಫಿ ಕೊಟ್ಟರು. ತುಟಿಗೆ ಆ ಗೆರೆ ತಾಗಿದ್ದೇ ವಾಕರಿಕೆ ಬಂತು. ಅವರು ಒಳಗೆ ಹೋದಾಗ ಕಾಫಿಯನ್ನು ತೆಂಗಿನ ಬುಡಕ್ಕೆ ಚೆಲ್ಲಿದೆ.

ಅವರಿಗೆ ಅರುವತ್ತರ ಹತ್ತಿರ ವಯಸ್ಸು. ಹಿಂದೆ ಮಿಲಿಟರಿಯಲ್ಲಿದ್ದವರು, ಮಹಾಯುದ್ಧ ಮುಗಿದ ಮೇಲೆ ಕೆಲವು ತಿಂಗಳು ಜಪಾನಿನಲ್ಲಿದ್ದರಂತೆ. ಮುರಿದದ್ದು ಯಾವುದನ್ನೂ ಎಸೆಯುತ್ತಿರಲಿಲ್ಲ. ಬಿಳಿ ಅಂಗಿಗೆ ಕೆಂಪು ನೂಲಿನ ಹೊಲಿಗೆ, ಕುರ್ಚಿಗೆ ಬೇರೆ ಮರದ ಕಾಲು, ಎಲ್ಲವೂ ಕಣ್ಣಿಗೆ ರಾಚುವಂತೆ. ನೋಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಾನೋ, ಒಂದಕ್ಷರ ಸೊಟ್ಟಗಾದರೆ ಇಡೀ ಪುಟ ಹರಿದು ಮತ್ತೆ ಬರೆಯುವವಳು.

ಇನ್‌ಸ್ಪೆಕ್ಟರು ಶಾಲೆ ನೋಡಲು ಬರುವ ಹಿಂದಿನ ದಿನ ಐದನೇ ತರಗತಿಯ ಹುಡುಗಿಯೊಬ್ಬಳು ತೆಂಗಿನ ತೋಟದ ಚಿತ್ರ ಬರೆದು ತಂದಳು. ಮರಗಳೆಲ್ಲ ವಾಲಿದ್ದವು, ಮೂಲೆಯಲ್ಲಿ ಮಸಿ ಚೆಲ್ಲಿತ್ತು. "ಇಂಥ ಗಲೀಜನ್ನ ಗೋಡೆಗೆ ಹಾಕ್ತಾರೇನೇ?" ಎಂದು ಎಲ್ಲರೆದುರು ಹರಿದು ನಾಲ್ಕು ಚೂರು ಮಾಡಿದೆ. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

ವಾರದ ಮೇಲೆ ಯಜಮಾನರ ಪಡಸಾಲೆಯ ಗೋಡೆಯಲ್ಲಿ ಅದೇ ಚಿತ್ರ! ಹುಡುಗಿಯ ತಾಯಿ ಅವರ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದಳು. ಚೂರುಗಳನ್ನು ಆ ಮಗುವೇ ಆಯ್ದಿಟ್ಟುಕೊಂಡಿತ್ತಂತೆ. ಯಜಮಾನರು ಅವನ್ನು ಹಳದಿ ಕಾಗದದ ಪಟ್ಟಿಗಳಿಂದ ಕೂಡಿಸಿದ್ದರು.

"ಇಷ್ಟು ಎದ್ದು ಕಾಣೋ ಹಾಗೆ ಯಾಕೆ ಅಂಟಿಸಿದ್ರಿ?" ಎಂದೆ.

"ಕಾಣ್ಲಿ ಬುಡಿ ಟೀಚರಮ್ಮ. ಜಪಾನ್ನಾಗೆ ಊರಿಗೂರೇ ಸುಟ್ಟೋಗಿತ್ತು. ಅಲ್ಲೊಬ್ಬ ಅಜ್ಜಿ ಟೀ ಕೊಟ್ಲು. ಒಡೆದ ಬಟ್ಲು. ಕೂಡಿಸಿದ ಗೆರೆಗೆಲ್ಲ ಬಂಗಾರ ಬಳಿದಿದ್ರು. ಒಡೆದದ್ದನ್ನ ಅವ್ರು ಮುಚ್ಚಿಡಾಕಿಲ್ಲ ಕಣಮ್ಮ." ನನ್ನ ಕಡೆ ತಿರುಗಿ ಹೇಳಿದರು: "ನೀವು ಕಾಫಿ ಚೆಲ್ಲಿದ್ದೂ ನೋಡ್ದೆ. ಅದಕ್ಕೆ ಬೇಜಾರಿಲ್ಲ. ಆ ಮಗೀನ ಕಣ್ಮುಂದೇನೇ ಇದನ್ನ ಹರಿದ್ರಲ್ಲ, ಅದು ಮಾತ್ರ ನಂಗೆ ಹೇಸ್ಗೆ ಆಯ್ತು."

ಯಾರೂ ನನಗೆ ಆ ಮಾತು ಅಂದಿರಲಿಲ್ಲ. ಬಚ್ಚಲಿಗೆ ಹೋಗಿ ಕೈ ತೊಳೆದೆ. ಮತ್ತೆ ಮತ್ತೆ ತೊಳೆದರೂ ಅಸಹ್ಯ ಹೋಗಲಿಲ್ಲ. ಕಾಗದ ಹರಿಯುವಾಗ ನನಗೆ ಒಳಗೊಳಗೇ ಹಿತವಾಗಿತ್ತು ಎಂಬುದು ನೆನಪಾಯಿತು.

ಸಂಜೆ ಯಜಮಾನರೇ ನನ್ನನ್ನು ಹುಡುಗಿಯ ಮನೆಗೆ ಕರೆದೊಯ್ದರು. "ತಪ್ಪಾಯ್ತು ಕಣೇ" ಎಂದೆ. ಅವಳು ತಾಯಿಯ ಸೆರಗಿನಿಂದ ಈಚೆ ಬರಲಿಲ್ಲ. ಎರಡು ದಿನ ಬಿಟ್ಟು ಶಾಲೆಗೆ ಬಂದಳು. ನನ್ನೆದುರು ಮತ್ತೆಂದೂ ಚಿತ್ರ ಬರೆಯಲಿಲ್ಲ. ನಾನೂ ಮತ್ತೆಂದೂ ಮಕ್ಕಳ ಹಾಳೆ ಹರಿಯಲಿಲ್ಲ.

ಕೆಲವು ವರ್ಷಗಳ ಮೇಲೆ, ತುರುವೇಕೆರೆಗೆ ವರ್ಗವಾಗಿದ್ದಾಗ, ಯಜಮಾನರು ತೀರಿಕೊಂಡ ಸುದ್ದಿ ಬಂತು. ಹೋದೆ. ಹೆಂಗಸರ ನಡುವೆ ಆ ಹುಡುಗಿ, ಈಗ ದಾವಣಿ ಉಟ್ಟವಳು, ಅಳುತ್ತ ಕುಳಿತಿದ್ದಳು. ನನ್ನನ್ನು ನೋಡಿದಳು. ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.

ಆ ಜಾಗ ನನಗೆ ಯಜಮಾನರು ಕೊಡಿಸಿದ್ದು.