ಕಿಡಿಯಪ್ಪನ ಲೈನು

ಕಿಡಿಯಪ್ಪ ನಮ್ಮ ಬೀದಿಗೆ ಲೈನ್‌ಮನ್ ಆಗಿ ಬಂದ ಮೊದಲ ದಿನವೇ ಜಗಳ ತೆಗೆದ. ಮೂಲೆಮನೆಯ ಟೈಲರಮ್ಮ ವಿದ್ಯುತ್ ಕಂಬದಿಂದ ತನ್ನ ಕಿಟಕಿಯ ಸರಳಿನವರೆಗೆ ಕಬ್ಬಿಣದ ತಂತಿ ಬಿಗಿದು ಬಟ್ಟೆ ಒಣಹಾಕಿದ್ದಳು. ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಯಾರನ್ನೂ ಕೇಳದೆ, ಇಕ್ಕಳ ತೆಗೆದು ಆ ತಂತಿಯನ್ನು ತುಂಡರಿಸಿಬಿಟ್ಟ. ಗಿರಾಕಿಗಳ ಬಿಳಿ ಅಂಗಿಗಳು ಸಾಲಾಗಿ ಚರಂಡಿಯ ಅಂಚಿಗೆ ಬಿದ್ದವು.

"ನನ್ನ ಲೈನ್ ಯಾಕ್ರೀ ಕತ್ತರಿಸಿದ್ರಿ?" ಎಂದು ಟೈಲರಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಅದು ಲೈನ್ ಅಲ್ಲಮ್ಮ, ನೇಣು. ಕಂಬಕ್ಕೆ ಒಂದಿನ ಕರೆಂಟ್ ಇಳಿದ್ರೆ ಬಟ್ಟೆ ಜೊತೆ ನೀವೂ ಅಲ್ಲೇ ಒಣಗ್ತೀರಿ."

ಹಾಗೆ ಅಂದವನು ಬಿದ್ದ ಅಂಗಿಗಳನ್ನು ತಾನೇ ಹೆಕ್ಕಿ, ಬೀದಿಯ ನಲ್ಲಿಯಲ್ಲಿ ಜಾಲಿಸಿ, ಎರಡು ಮೊಳೆ ಹೊಡೆದು ಪ್ಲಾಸ್ಟಿಕ್ ಹಗ್ಗ ಕಟ್ಟಿ ಹರವಿಕೊಟ್ಟ. ಕೆಲಸ ಮುಗಿಯುವವರೆಗೂ ಬೈಗುಳ ಮಾತ್ರ ನಿಲ್ಲಲಿಲ್ಲ. ಅಂದು ಸಂಜೆಗೆಲ್ಲ ಅವನಿಗೆ ಕಿಡಿಯಪ್ಪ ಎಂಬ ಹೆಸರು ಅಂಟಿಕೊಂಡಿತು. ಅಪ್ಪ ಅಮ್ಮ ಇಟ್ಟ ಹೆಸರು ಏನೆಂದು ಆಮೇಲೆ ಯಾರೂ ವಿಚಾರಿಸಲಿಲ್ಲ.

ಕೋಪ ಅವನ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು, ನಿಜ. ಆದರೆ ಅದು ಸುಮ್ಮಸುಮ್ಮನೆ ಕೂತದ್ದಲ್ಲ. ಕಂಬ ಹತ್ತುವ ಮೊದಲು ಅವನು ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯಿಂದ ಪಿಂಗಾಣಿಯ ಮೂರು ಫ್ಯೂಸುಗಳನ್ನು ಕಿತ್ತು ತನ್ನ ಷರಾಯಿ ಜೇಬಿಗೆ ಇಳಿಸುತ್ತಿದ್ದ. ಉಳಿದ ಲೈನ್‌ಮನ್‌ಗಳು ಅವನ್ನು ಪೆಟ್ಟಿಗೆಯ ಮೇಲೆಯೇ ಇಟ್ಟು ಹತ್ತುತ್ತಿದ್ದರು. ಇವನು ಮಾತ್ರ, ಯಾರಾದರೂ ತಿಳಿಯದೆ ಮರಳಿ ಸಿಕ್ಕಿಸಿಯಾರೆಂದು, ಜೇಬು ಉಬ್ಬಿಸಿಕೊಂಡು, ತೊಡೆಗೆ ಒತ್ತುತ್ತಿದ್ದರೂ ಲೆಕ್ಕಿಸದೆ ಏರುತ್ತಿದ್ದ. ಜೇಬಿನಲ್ಲಿರುವುದು ಫ್ಯೂಸಲ್ಲ, ತನ್ನ ಜೀವ ಎನ್ನುತ್ತಿದ್ದ. ಯಾರಾದರೂ ನಕ್ಕರೆ, ನಗುವವನ ಜೀವ ಪೆಟ್ಟಿಗೆಯ ಮೇಲಿರಲಿ, ದಾರಿಹೋಕರು ನೋಡಿಕೊಳ್ಳುತ್ತಾರೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ.

ಅವನ ಹೆಂಡತಿ ಬಟ್ಟೆ ಅಂಗಡಿಯಲ್ಲಿ ಮಡಿಕೆ ಹಾಕುವ ಕೆಲಸದಲ್ಲಿದ್ದಳು. ಇಂಗ್ಲಿಷ್ ಬಂದರೆ ಕೌಂಟರಿಗೆ ಹಾಕುತ್ತೇನೆಂದು ಮಾಲೀಕ ಹೇಳಿದ್ದರಿಂದ ಸಂಜೆ ತರಗತಿಗೆ ಸೇರಿದ್ದಳು. ಒಂದು ದಿನ ಮೇಷ್ಟ್ರು 'ಲೈನ್' ಎಂಬ ಪದವನ್ನು ಕೊಟ್ಟು, ಇದಕ್ಕೆ ಎಷ್ಟು ಅರ್ಥ ಸಿಗುತ್ತದೋ ಕಲಿತು ಬನ್ನಿ ಎಂದಿದ್ದರು. ಅವಳು ಗಂಡನಿಗೆ ಬಡಿಸುತ್ತಲೇ ಬಾಯಿಪಾಠ ಶುರುಮಾಡಿದಳು. ಗೆರೆ, ಸಾಲು, ದಾರ, ಹಗ್ಗ, ತಂತಿ, ರೈಲಿನ ಹಳಿ, ಪದ್ಯದ ಪಾದ, ನಾಟಕದ ಮಾತು, ಮುಖದ ಸುಕ್ಕು, ವಂಶ, ಕಸುಬು, ಎಲ್ಲೆ. ಕೋಟಿನ ಒಳಗೆ ಅಸ್ತರು ಹಾಕುವುದಕ್ಕೂ ಅದೇ ಪದವಂತೆ. ಕನ್ನಡದಲ್ಲಿ ಇವು ಒಂದೊಂದೂ ಬೇರೆ ಬೇರೆ ಮನೆ ಮಾಡಿಕೊಂಡು ಮರ್ಯಾದೆಯಿಂದ ಬಾಳುತ್ತವೆ. ಇಂಗ್ಲಿಷಿನಲ್ಲಿ ಎಲ್ಲವನ್ನೂ ಒಂದೇ ಕೋಣೆಗೆ ತುರುಕಿದ್ದಾರೆ. ಅವಳಿಗೆ ಅದು ತಮಾಷೆಯಾಗಿ ಕಂಡಿತ್ತು.

ಕಿಡಿಯಪ್ಪನಿಗೆ ಕಾಣಲಿಲ್ಲ. ತುತ್ತನ್ನು ತಟ್ಟೆಗೇ ಬಿಟ್ಟ.

"ಒಂದೇ ಮಾತಿಗೆ ಇಷ್ಟು ಅರ್ಥ ಇಟ್ಕೊಂಡೋರನ್ನ ನಂಬಬಾರದು ಕಣೇ. ಹಿಡಿಯೋಕೆ ಹೋದ್ರೆ ಇನ್ನೊಂದು ಅರ್ಥದ ಕಡೆ ಜಾರ್ಕೊಳ್ತಾರೆ."

"ಅಯ್ಯೋ, ಪದದ ಮೇಲೂ ಸಿಟ್ಟಾ? ನಿಮಗೆ ಎಷ್ಟು ಅರ್ಥ ಗೊತ್ತು ಹೇಳಿ ನೋಡೋಣ."

"ಎರಡೇ. ಜೀವ ಇರೋ ಲೈನು, ಜೀವ ಇಲ್ಲದ ಲೈನು."

"ನಿಮ್ಮ ಜೊತೆ ಬಾಳೋಳಿಗೆ ಮೂರನೇದೂ ಗೊತ್ತು ರೀ. ದಿನಾ ಉರಿಯೋದು" ಎಂದು ಅವಳು ಇನ್ನೊಂದು ಸೌಟು ಬಡಿಸಿದಳು.

ಅವಳ ತಮ್ಮನೂ ಅದೇ ಕೆಲಸಕ್ಕೆ ಸೇರಿದ್ದ. ತೆಳ್ಳಗಿದ್ದುದರಿಂದ ಎಲ್ಲರಿಗೂ ಅವನು ಕಡ್ಡಿ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಭಾವನ ಜೊತೆಯಲ್ಲಿ ಕಂಬ ಹತ್ತುತ್ತ, ಭಾವನಿಂದ ಬೈಸಿಕೊಳ್ಳುತ್ತ, ಎರಡರಲ್ಲೂ ಪಳಗಿದ್ದ.

ಒಂದು ಮಧ್ಯಾಹ್ನ ಗಾಳಿಗೆ ಕೊಂಬೆ ಮುರಿದು ಬೀದಿಯ ತುದಿಯಲ್ಲಿ ತಂತಿ ಹರಿಯಿತು. ಹರಿದ ಜಾಗದಿಂದ ಆಚೆಗೆ ಉಳಿದದ್ದು ಬೇಕರಿಯೊಂದೇ. ಕಿಡಿಯಪ್ಪ ಎಂದಿನಂತೆ ಮೂರೂ ಫ್ಯೂಸು ಕಿತ್ತು ಜೇಬಿಗಿಳಿಸಿದ. ತಂತಿಗೆ ಬಲ್ಬು ತಾಗಿಸಿ ಪರೀಕ್ಷೆ ಮಾಡಿದ. ಬಲ್ಬು ಹೊತ್ತಲಿಲ್ಲ, ತಂತಿಯಲ್ಲಿ ಕರೆಂಟ್ ಇರಲಿಲ್ಲ. ಎಲ್ಲಿಂದಾದರೂ ಕರೆಂಟ್ ಬಂದರೆ ಮಣ್ಣಿಗಿಳಿದುಹೋಗುವಂತೆ, ಕೆಲಸ ಮಾಡುವ ತಂತಿಯನ್ನು ನೆಲಕ್ಕೆ ಜೋಡಿಸಿಡುವ ಸರಪಳಿಯೊಂದಿರಬೇಕು. ಅದು ತಿಂಗಳುಗಳಿಂದ ಅವರ ಬಳಿ ಇರಲಿಲ್ಲ. ಕೇಳಿದಾಗಲೆಲ್ಲ ಇಲಾಖೆಯ ಆಫೀಸರು "ಬರತ್ತೆ" ಎನ್ನುತ್ತಿದ್ದ. ಸರಪಳಿಯಿಲ್ಲದೆಯೇ ಕಡ್ಡಿ ಹತ್ತಿದ. ಅವನು ಬೇಕರಿ ಕಡೆಯ ತಂತಿಗೆ ಕೈ ಹಾಕುವ ಹೊತ್ತಿಗೆ ಒಳಗೆ ಹಿಟ್ಟು ಕಲಸುವ ಯಂತ್ರಕ್ಕೆಂದು ಜನರೇಟರ್ ಹಾಕಿದರು.

ಬೇಕರಿ ಯಜಮಾನ ಜನರೇಟರನ್ನು ನೇರವಾಗಿ ಕಟ್ಟಡದ ವೈರಿಂಗಿಗೆ ಸೇರಿಸಿಬಿಟ್ಟಿದ್ದ. ಹೊರಗಿನ ಸಂಪರ್ಕವನ್ನು ಕಡಿದು ಒಳಗಿನದನ್ನು ಹಿಡಿಯುವ ಸ್ವಿಚ್ಚನ್ನೇ ಹಾಕಿಸಿರಲಿಲ್ಲ. ಹೀಗಾಗಿ ಅವನ ಜನರೇಟರಿನ ಕರೆಂಟು ಒಳಗಿನ ಯಂತ್ರ ತಿರುಗಿಸಿದ್ದಲ್ಲದೆ ಹೊರಗಿನ ಕಂಬಕ್ಕೂ ಹರಿಯಿತು. ಕಡ್ಡಿ ಕಂಬದ ಮೇಲೆಯೇ ಸೆಟೆದು ಬೆಲ್ಟಿನಲ್ಲಿ ಜೋತುಬಿದ್ದ. ಕಿಡಿಯಪ್ಪ ಹುಚ್ಚನಂತೆ ಬೇಕರಿಯೊಳಗೆ ನುಗ್ಗಿ ಜನರೇಟರ್ ನಿಲ್ಲಿಸಿ, ಮತ್ತೆ ಓಡಿ ಬಂದು ಹುಡುಗನನ್ನು ಹೆಗಲ ಮೇಲೆ ಇಳಿಸಿಕೊಂಡ. ಜೀವ ಉಳಿಯಿತು. ಬಲಗೈ ಸುಟ್ಟು ಕಪ್ಪಾಗಿತ್ತು.

ಅಂದು ಸಂಜೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಆಫೀಸರು ಕಿಡಿಯಪ್ಪನನ್ನು ಪಕ್ಕಕ್ಕೆ ಕರೆದ. ಲೈನ್ ಡೆಡ್ ಆಗಿತ್ತೆಂದು ನೀನೇ ಹೇಳುತ್ತೀಯ, ಹಾಗಾದರೆ ಹುಡುಗ ಬೇರೆ ಯಾವುದೋ ಜೀವಂತ ತಂತಿ ಮುಟ್ಟಿದ್ದಾನೆ, ಅವನ ಅಜಾಗರೂಕತೆ ಎಂದೇ ಮೇಲಕ್ಕೆ ತಿಳಿಸುತ್ತೇನೆ ಎಂದ. ಹಾಗೆ ತಿಳಿಸಿದರೆ ಕಡ್ಡಿಯ ಕೆಲಸ ಹೋಗುತ್ತಿತ್ತು. ಸುಟ್ಟ ಕೈಯ ಜೊತೆಗೆ ಕೆಟ್ಟ ಹೆಸರನ್ನೂ ಹೊತ್ತುಕೊಂಡು ಅವನು ಇನ್ನೆಲ್ಲಿಗೂ ಹೋಗುವಂತಿರಲಿಲ್ಲ. ಆಫೀಸರಿಗೆ ನಿಜ ಗೊತ್ತಿರಲಿಲ್ಲವೆಂದಲ್ಲ. ಬೇಕರಿಯ ಸಂಪರ್ಕ ಸರಿಯಾಗಿದೆಯೆಂದು ಒಪ್ಪಿಗೆ ಕೊಟ್ಟವನೇ ಅವನು. ಯಜಮಾನನ ಸ್ನೇಹಿತ ಬೇರೆ.

ಕಿಡಿಯಪ್ಪ ಉಬ್ಬಿದ ಜೇಬನ್ನು ತಡವಿಕೊಂಡು ಹೊರಗೆ ನಡೆದ. ಒಂದು ಬೈಗುಳವನ್ನೂ ಆಡದೆ ಹೊರಟವನನ್ನು ಹೆಂಡತಿ ಮೆಟ್ಟಿಲವರೆಗೂ ಹಿಂಬಾಲಿಸಿದಳು.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಕರೆಂಟ್ ಇರಲಿಲ್ಲ. ಕಿಡಿಯಪ್ಪ ಟ್ರಾನ್ಸ್‌ಫಾರ್ಮರಿನ ಕಟ್ಟೆಯ ಮೇಲೆ ಕಾಲುಚಾಚಿ ಕೂತಿದ್ದ. ಮೂರು ಫ್ಯೂಸುಗಳೂ ಅವನ ಜೇಬಿನಲ್ಲೇ ಇದ್ದವು. ಬೇಕರಿ ಕಡೆಯ ಹರಿದ ತಂತಿಗೆ ಒಂದು ಬಲ್ಬು ಕಟ್ಟಿ, ಅದರ ಇನ್ನೊಂದು ವೈರನ್ನು ನೆಲಕ್ಕೆ ನೆಟ್ಟ ಸರಳಿಗೆ ಸುತ್ತಿಟ್ಟಿದ್ದ. ಹತ್ತಿರ ಯಾರೂ ಬರದಂತೆ ಸುತ್ತ ಹಗ್ಗ ಎಳೆದಿದ್ದ. ಬೀದಿಯವರೆಲ್ಲ ಸೇರಿದರು. ಆಫೀಸರಿನ ಜೀಪೂ ಬಂತು.

"ಫ್ಯೂಸ್ ಹಾಕಯ್ಯ. ನಿನ್ನ ಲೈನ್ ದಾಟಬೇಡ" ಎಂದ ಆಫೀಸರು.

"ಹಾಕ್ತೀನಿ ಸಾರ್. ಮೊದಲು ಯಜಮಾನ್ರು ಜನರೇಟರ್ ಹಾಕಲಿ."

ಯಜಮಾನ ಜನರೇಟರ್ ಕೆಟ್ಟಿದೆ ಎಂದ. ಕಿಡಿಯಪ್ಪ ಕಾಯುತ್ತೇನೆಂದ. ಆಫೀಸರು ಗದರಿಸಿದ, ಕೆಲಸದಿಂದ ತೆಗೆಯುತ್ತೇನೆಂದ. ಇವನು ಜೇಬನ್ನು ಅಂಗೈಯಿಂದ ಮುಚ್ಚಿಕೊಂಡು ಕೂತೇ ಇದ್ದ. ಬಿಸಿಲೇರಿತು. ಕರೆಂಟಿನ ಒಲೆ ಕಾಯದೆ, ಕೈಯಲ್ಲೇ ಕಲಸಿಟ್ಟ ಬೆಳಗಿನ ಹಿಟ್ಟು ಬೇಕರಿಯ ತೊಟ್ಟಿಗಳಲ್ಲಿ ಉಬ್ಬಿ, ಅಂಚು ಮೀರಿ, ನೆಲಕ್ಕೆ ಇಳಿಯತೊಡಗಿತು. ಹುಳಿ ವಾಸನೆ ಬೀದಿಯವರೆಗೂ ಬಂತು. ಯಜಮಾನ ಒಳಗೂ ಹೊರಗೂ ಓಡಾಡುತ್ತಿದ್ದ, ಬಾಯಿ ಮಾತ್ರ ಬಿಡಲಿಲ್ಲ.

ಆಗ ಇದ್ದಕ್ಕಿದ್ದಂತೆ ಬೇಕರಿಯ ಹಿಂದೆ ಜನರೇಟರ್ ಗುಡುಗಿತು. ಹಗ್ಗದ ಆಚೆ ಬಲ್ಬು ಹೊತ್ತಿಕೊಂಡಿತು.

ಹಿಟ್ಟು ನಾದುವವನು ಕೈ ಒರೆಸಿಕೊಳ್ಳುತ್ತ ಹೊರಬಂದ. "ಕೆಟ್ಟಿದೆ ಅಂದ್ರಲ್ಲ ಯಜಮಾನ್ರೆ, ನೋಡೋಣ ಅಂತ ಎಳೆದೆ. ಪಾಪ, ಚೆನ್ನಾಗೇ ಇದೆ" ಎಂದ. ನಿನ್ನೆಯೂ ಅದನ್ನು ಎಳೆದವನು ಅವನೇ. ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

ಕಿಡಿಯಪ್ಪ ಎದ್ದು ಬಂದು ಮೂರು ಫ್ಯೂಸುಗಳನ್ನು ಒಂದೊಂದಾಗಿ ಜೀಪಿನ ಮೂತಿಯ ಮೇಲಿಟ್ಟ.  

"ಮೂರೂ ಇಲ್ಲೇ ಇವೆ ಸಾರ್. ಆ ಬಲ್ಬು ಯಾರ ಮನೆ ಕರೆಂಟಿಂದ ಉರೀತಿದೆ ಹೇಳಿ."

"ಆಫೀಸಿಗೆ ಬಾ, ಮಾತಾಡೋಣ."

"ಆಫೀಸಲ್ಲಿ ಮಾತು ಬೇರೆ ಆಗತ್ತೆ. ಇಲ್ಲೇ ಹೇಳಿ. ಹುಡುಗ ತಪ್ಪು ಮಾಡಿಲ್ಲ. ಇಷ್ಟೇ. ಎಲ್ಲರಿಗೂ ಕೇಳೋ ಹಾಗೆ."

ಆಫೀಸರು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಅಷ್ಟರಲ್ಲಿ ಟೈಲರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನಾಲ್ಕು ಅಂಗಿ ಒಣಗಿಸಿದ್ದಕ್ಕೆ ನನ್ನ ತಂತಿ ಕತ್ತರಿಸಿದ ಈ ಪುಣ್ಯಾತ್ಮ. ಮನುಷ್ಯನನ್ನೇ ಒಣಗಿಸಿದೋರದ್ದು ಕತ್ತರಿಸೋಕೆ ನಿಮಗೆ ಕೈ ಬರಲ್ವಾ ಸಾರ್?"

 ಕೊನೆಗೆ ಆಫೀಸರು, ಹುಡುಗನದು ತಪ್ಪಿಲ್ಲ ಎಂದು ನೆಲ ನೋಡಿಕೊಂಡು ಹೇಳಿದ. ಹಿಂದೆ ನಿಂತವರಿಗೆ ಕೇಳಲಿಲ್ಲವೆಂದು ಕಿಡಿಯಪ್ಪ ಅವನಿಂದ ಇನ್ನೊಮ್ಮೆ ಹೇಳಿಸಿದ. ಆಮೇಲೆ ಬೇಕರಿಯ ಸಂಪರ್ಕವನ್ನು ಬುಡದಲ್ಲೇ ಕಡಿದು, ಉಳಿದ ಬೀದಿಗೆ ಕರೆಂಟ್ ಕೊಟ್ಟು, ಊಟವನ್ನೂ ಮಾಡದೆ ಆಸ್ಪತ್ರೆಗೆ ಹೋದ.

ನ್ಯಾಯ ಪೂರ್ತಿ ಸಿಕ್ಕಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆಫೀಸರನ್ನು ಬೇರೆ ಕಡೆಗೆ ವರ್ಗ ಮಾಡಿದರು, ಅಲ್ಲಿ ಅವನಿಗೆ ಇನ್ನೂ ದೊಡ್ಡ ಕುರ್ಚಿ ಸಿಕ್ಕಿತು. ಯಜಮಾನ ಸ್ವಿಚ್ಚು ಹಾಕಿಸಿಕೊಂಡು ಬೇಕರಿ ನಡೆಸುತ್ತಿದ್ದಾನೆ. ಕಡ್ಡಿಯ ಕೆಲಸ ಉಳಿಯಿತು, ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಈಗ ಅವನು ದೂರು ಕೇಳುವ ಫೋನಿನ ಮುಂದೆ ಕೂರುತ್ತಾನೆ. ಕೂತಲ್ಲಿಂದಲೇ ಕಂಬದ ಕನಸು ಕಾಣುತ್ತಾನೆ. ಅವನ ಅಕ್ಕ ಕೌಂಟರಿಗೆ ಬಂದಿದ್ದಾಳೆ.

ಕಿಡಿಯಪ್ಪ ಈಗಲೂ ಅದೇ ಬೀದಿಯಲ್ಲಿದ್ದಾನೆ. ತಲೆ ನರೆತಿದೆ, ಮೂಗಿನ ತುದಿ ಮಾತ್ರ ನರೆತಿಲ್ಲ. ಇಲಾಖೆಯ ಸರಪಳಿ ಕೊನೆಗೂ ಬಂತು. ಅದನ್ನು ಗೋದಾಮಿಗೆ ಹಿಂತಿರುಗಿಸದೆ ಮನೆಯಲ್ಲೇ ಇಟ್ಟುಕೊಂಡು, ರಜೆಯ ದಿನ ಬಾಗಿಲ ಮೆಟ್ಟಿಲ ಮೇಲೆ ಕೂತು ಉಪ್ಪುಕಾಗದದಿಂದ ತುಕ್ಕು ಉಜ್ಜುತ್ತಾನೆ. ಸಂಜೆಯಾದರೆ ಸೈಕಲ್ ಏರಿ, ಜನರೇಟರ್ ಇರುವ ಅಂಗಡಿ ಮನೆಗಳ ಮುಂದೆಲ್ಲ ನಿಂತು, ಹಾಕಿ ತೋರಿಸಿ, ಕಂಬಕ್ಕೆ ಕರೆಂಟ್ ಬರತ್ತಾ ನೋಡ್ಬೇಕು ಎಂದು ಕೇಳುತ್ತಾನೆ. ಯಾರೂ ಅವನಿಗೆ ಅದನ್ನು ಒಪ್ಪಿಸಿಲ್ಲ, ಯಾರಿಗೂ ಇಷ್ಟವೂ ಇಲ್ಲ. ಮೊನ್ನೆ ಹೊಸ ಫೋಟೋ ಸ್ಟುಡಿಯೋದವನು, ನಾಳೆ ಬಾರಪ್ಪ, ಈಗ ಬಿಡುವಿಲ್ಲ ಎಂದನಂತೆ.

ಕಿಡಿಯಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅಲ್ಲೇ ಮೆಟ್ಟಿಲ ಮೇಲೆ ಕೂತ. ನಾನು ಆ ದಾರಿಯಲ್ಲಿ ಹಾದುಬಂದಾಗಲೂ ಕೂತೇ ಇದ್ದ.