ಮೇಸ್ತ್ರಿಯ ಇನ್ನೊಂದು ದನಿ

ಮೇಸ್ತ್ರಿಗೆ ಹುಬ್ಬಿರಲಿಲ್ಲ. ಕರಗಿದ ಕಬ್ಬಿಣದ ಮುಂದೆ ನಿಂತೂ ನಿಂತೂ ಸುಟ್ಟುಹೋಗಿದ್ದವು. ಅವರು ರೇಗಿದ್ದಾರೋ ನಗುತ್ತಿದ್ದಾರೋ ಮುಖ ನೋಡಿದರೆ ತಿಳಿಯದು, ದನಿ ಕೇಳಬೇಕು. ಆ ದನಿಯೋ, ತಗಡಿನ ಡಬ್ಬಿಗೆ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ.

ದೊಡ್ಡಬಳ್ಳಾಪುರದ ಆ ಎರಕದ ಶೆಡ್ಡಿನಲ್ಲಿ ಅವರ ತಾತ ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳಿಗೆ ಹಲ್ಲಿನ ಚಕ್ರ ಹುಯ್ಯುತ್ತಿದ್ದರಂತೆ. ಇವರ ಕಾಲಕ್ಕೆ ಮಗ್ಗದ ಚಕ್ರಗಳೇ ಹೆಚ್ಚು. ಅವನ್ನು ಸಾಗಿಸುವ ಗೂಡ್ಸ್ ಆಟೋ ನನ್ನದು. ಮಿಮಿಕ್ರಿ ನನ್ನ ಉಪಕಸುಬು. ಹಾರ್ನ್ ಕೆಟ್ಟಾಗ ಅದನ್ನೂ ಬಾಯಲ್ಲೇ ಹೊಡೆದವನು ನಾನು.

ಒಮ್ಮೆ ಮೇಸ್ತ್ರಿಯ ಬೈಗುಳ ಅನುಕರಿಸುತ್ತಿದ್ದೆ. ಬೆನ್ನ ಹಿಂದೆಯೇ ನಿಂತಿದ್ದರು.

"ನಾನು ಇಷ್ಟು ಚೆನ್ನಾಗಿ ಬೈತೀನೇನ್ಲಾ? ಇನ್ನೊಂದ್ಸಲ ಮಾಡು!"

ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹುಯ್ಯುವಾಗ ಪಾತ್ರೆ ಹಿಡಿದವರು ಕಣ್ಣು ಕದಲಿಸುವಂತಿಲ್ಲ. ಎಷ್ಟು ಬಗ್ಗಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದೆಲ್ಲ ಮೇಸ್ತ್ರಿಯ ಕೂಗಿನಲ್ಲಿತ್ತು. "ಬಗ್ಸು... ಸಣ್ಣಕ್ಕೆ... ತಡೀಬ್ಯಾಡ... ಸಾಕ್ಲಾ!"

ಆ ಗಂಟಲಿಗೇ ಕ್ಯಾನ್ಸರ್ ಬಂತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು.

ವಾಸಿಯಾದ ಮೇಲೆ ಶೆಡ್ಡಿಗೆ ಬಂದು ಕೈಸನ್ನೆ ಮಾಡಿದರು. ನೋಡುವವರು ಯಾರು? ಎರಕ ನಡುವೆ ನಿಂತು, ಮಗ್ಗದ ಚಕ್ರಕ್ಕೆ ಅರ್ಧದಷ್ಟು ಹಲ್ಲುಗಳೇ ಮೂಡಲಿಲ್ಲ. "ಮನೇಲಿ ಆರಾಮಾಗಿರಿ ಮೇಸ್ತ್ರಿ" ಎಂದರು ಶೆಡ್ಡಿನ ಸಾಹುಕಾರರು. ಮೇಸ್ತ್ರಿ ಆ ಮೊಂಡು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಆಮೇಲೆ ಎದ್ದು, ನನ್ನ ಕಾಲರ್ ಹಿಡಿದು ಎಳೆದು, ಸಾಹುಕಾರರಿಗೆ ನನ್ನ ಬಾಯಿ ತೋರಿಸಿದರು.

ಮುಂದಿನ ಎರಕಕ್ಕೆ ಅವರ ಪಕ್ಕ ನಿಂತೆ. ಅವರ ಕೈ ನನ್ನ ಭುಜದ ಮೇಲೆ. ಒತ್ತಿದರೆ ಬಗ್ಗಿಸು, ಸಡಿಲಿಸಿದರೆ ಸಣ್ಣಕ್ಕೆ, ತಟ್ಟಿದರೆ ಸಾಕು. ಅವರ ದನಿಯಲ್ಲೇ ಕೂಗಿದೆ. ಪಾತ್ರೆ ಹಿಡಿದವರ ಬೆನ್ನು ಸೆಟೆಯಿತು. "ನಿಮ್ಮಜ್ಜಿ ಪಿಂಡ, ನೆಟ್ಟಗೆ ಹಿಡೀರ್ಲಾ!" ಎಂದು ಒಂದು ಬೈಗುಳವನ್ನು ನಾನೇ ಸೇರಿಸಿದೆ. ಭುಜದ ಮೇಲಿನ ಕೈ ನಗುವಿಗೆ ಕುಲುಕುಲು ಅಲುಗಿತು.

ಚಕ್ರ ತಣಿದ ಮೇಲೆ ಸುತ್ತಿಗೆಯಿಂದ ತಟ್ಟಿದರು. ಠಣ್ ಎಂದಿತು, ಎಲ್ಲೂ ಬಿರುಕಿಲ್ಲ. ಅಂದು ಮಾತ್ರ ಅವರ ಮನಸ್ಸು ಮುಖ ನೋಡಿದರೇ ತಿಳಿಯುತ್ತಿತ್ತು.

ಹಾಗೆಯೇ ಕೆಲವು ತಿಂಗಳು ಶೆಡ್ಡು ನಡೆಯಿತು. ಕಾಯಿಲೆ ಮರಳಿತು. ಈ ಯುಗಾದಿ ಕಳೆದ ಮೇಲೆ ಮೇಸ್ತ್ರಿ ಹೋದರು.

ತಿಥಿಯ ದಿನ ಅವರ ಹೆಂಡತಿ ನನ್ನನ್ನು ಒಳಗೆ ಕರೆದರು.

"ಒಂದೇ ಒಂದ್ಸಲ ಅವರಂಗೆ ನನ್ನ ಕೂಗಪ್ಪ."

ಗಂಟಲು ಸರಿಮಾಡಿಕೊಂಡು ಕೂಗಿದೆ. "ಏಯ್, ಬಾರೇ ಇಲ್ಲಿ!" ಅಂಗಳದಲ್ಲಿ ಊಟ ಬಡಿಸುತ್ತಿದ್ದವರೆಲ್ಲ ಬೆಚ್ಚಿ ತಿರುಗಿದರು.

ಆಕೆ ಅಲ್ಲವೆಂದು ತಲೆಯಾಡಿಸಿದರು.

"ಅದು ಶೆಡ್ಡಿಂದು ಕಣಪ್ಪ. ಮನೇಲಿ ಅವ್ರು ಯಾವತ್ತೂ ಜೋರಾಗಿ ಮಾತಾಡ್ದೋರಲ್ಲ. ಬಂದ ತಕ್ಷಣ 'ನಿಂದು ಊಟ ಆಯ್ತೇನೇ' ಅಂತ ಮೆತ್ತಗೆ ಕೇಳೋರು. ಅದು ಬರ್ತದಾ ನಿಂಗೆ?"

ಬಾಯಿ ತೆರೆದೆ. ಊರಿನವರ ದನಿಯೆಲ್ಲ ನನ್ನ ಗಂಟಲಲ್ಲಿತ್ತು. ಇದೊಂದನ್ನು ಮಾತ್ರ ನಾನು ಕೇಳಿಯೇ ಇರಲಿಲ್ಲ.

ಆಕೆ ನನ್ನ ಬಾಯನ್ನೇ ನೋಡುತ್ತಾ ಕಾದರು.