ಮಾವನ ಕೋವಿಯ ವಾರಸುದಾರ

ಈಗ ಬರೆಯುತ್ತಿರುವುದರಲ್ಲಿ ನಡೆದದ್ದೆಷ್ಟು, ಇಷ್ಟು ವರ್ಷ ಹೇಳಿ ಹೇಳಿ ನಾನೇ ಸೇರಿಸಿದ್ದೆಷ್ಟು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಇದನ್ನು ಅದೆಷ್ಟು ಸಲ ಹೇಳಿದ್ದೇನೋ! ಹೇಳಿದ್ದು ಚೆನ್ನಾಗಿ ನೆನಪಿದೆ; ಕಂಡದ್ದು ನೆನಪಿದೆಯೇ ಎಂಬುದು ಅನುಮಾನ. ಕಳೆದ ತಿಂಗಳು ನಮ್ಮ ಬಿಲ್ಡಿಂಗಿನ ಗೇಟು ಕಿರುಗುಟ್ಟುತ್ತಿದೆಯೆಂದು ವಾಚ್‌ಮನ್ ಅದರ ಕೀಲಿಗೆ ತೆಂಗಿನೆಣ್ಣೆ ಬಿಡುತ್ತಿದ್ದ. ಬಿಸಿಲಿಗೆ ಕಾದ ಕಬ್ಬಿಣ, ಅದರ ಮೇಲೆ ತೆಂಗಿನೆಣ್ಣೆ... ಹಾಲಿನ ಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ. ಅದು ಧಣಿಗಳ ಕೋವಿಯ ವಾಸನೆ.

ಧಣಿ ಎಂದರೆ ಭಾಂಡುಪಿನಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಕೆಳಗಿನ ಹೋಟೆಲಿನ ಯಜಮಾನರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ಜಗತ್ತಿನಲ್ಲಿ ಇತ್ಯರ್ಥವಾಗದ ಪ್ರಶ್ನೆಯೇ ಇಲ್ಲ, ಸರಿಯಾಗಿ ಕೇಳುವವರಿಲ್ಲ ಅಷ್ಟೇ ಎಂದು ನಂಬಿದ್ದ ವಯಸ್ಸು. ಧಣಿಗಳು ಉಡುಪಿ ಕಡೆಯವರು. ಬಿಳಿ ಅಂಗಿ, ದಪ್ಪ ಮೀಸೆ, ಯಾರೊಡನೆಯೂ ಏರು ದನಿಯಲ್ಲಿ ಮಾತನಾಡದ ಮನುಷ್ಯ. ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಎರಡು ಮೊಳೆಗಳ ಮೇಲೆ ಒಂಟಿ ನಳಿಗೆಯ ಕೋವಿಯೊಂದು ಮಲಗಿರುತ್ತಿತ್ತು. ಪ್ರತಿ ಶನಿವಾರ ಅದನ್ನು ಇಳಿಸಿ ತೆಂಗಿನೆಣ್ಣೆ ಹಚ್ಚುತ್ತಿದ್ದರು. ಬಂದೂಕಿಗೆ ಬೇರೆ ಎಣ್ಣೆ ಇರುತ್ತದೆ ಎಂದು ನಾನು ಒಮ್ಮೆ ಹೇಳಿದ್ದೆ. "ತಲೆಗೆ ಆಗ್ತದೆ, ಪಲ್ಯಕ್ಕೆ ಆಗ್ತದೆ, ಕೋವಿಗೆ ಯಾಕೆ ಆಗುವುದಿಲ್ಲ ಮಾಷ್ಟ್ರೇ?" ಎಂದಿದ್ದರು.

ಹೋಟೆಲೂ ಕೋವಿಯೂ ಮೊದಲು ಅವರ ಸೋದರಮಾವನದು. ಆ ಮಾವ ಬಂದ ಕಾಲಕ್ಕೆ ಭಾಂಡುಪ್ ಅರ್ಧ ಕಾಡಂತೆ. ಪವಾಯಿ ಕಡೆಯಿಂದ ಚಿರತೆಗಳು ಇಳಿದು ಬರುತ್ತಿದ್ದವಂತೆ. ಅದಕ್ಕಾಗಿ ಪರವಾನಗಿ ಮಾಡಿಸಿ ಕೋವಿ ಕೊಂಡಿದ್ದರು. ಅವರ ಸಮುದಾಯದಲ್ಲಿ ಅಳಿಯಕಟ್ಟು: ಆಸ್ತಿ ಹೋಗುವುದು ಮಗನಿಗಲ್ಲ, ಅಕ್ಕತಂಗಿಯರ ಮಗನಿಗೆ. ಕಾನೂನು ಬದಲಾಗಿದ್ದರೂ ಆ ಮನೆತನದವರ ಮನಸ್ಸು ಬದಲಾಗಿರಲಿಲ್ಲ. ಮಾವ ಕಣ್ಣು ಮುಚ್ಚುವ ಒಂದು ತಿಂಗಳ ಮೊದಲು ಹೋಟೆಲಿಗೆ ಬಂದು, ತಾವೇ ಕೋವಿ ಇಳಿಸಿ, ಅಳಿಯನ ಎರಡೂ ಕೈಗಳ ಮೇಲೆ ಇಟ್ಟಿದ್ದರು. ಹೋಟೆಲನ್ನು ಹಾಗೆ ಕೈಗೆ ಕೊಡಲು ಬರುವುದಿಲ್ಲವಲ್ಲ...

ನಾನು ಅಲ್ಲಿದ್ದಾಗಲೇ ಮಾವ ತೀರಿಕೊಂಡರು; ಕೂಡಲೇ ಪರವಾನಗಿಯೂ ತೀರಿಕೊಂಡಿತು. ನಿಯಮದಂತೆ ಕೋವಿಯನ್ನೂ ಉಳಿದ ಗುಂಡಿನ ತೋಟೆಗಳನ್ನೂ ಪೊಲೀಸ್ ಠಾಣೆಯಲ್ಲಿಟ್ಟು ಪಾವತಿ ಚೀಟಿ ಪಡೆದರು. ಆ ವರ್ಷದ ಆಯುಧಪೂಜೆಗೆ ದೋಸೆಕಲ್ಲು, ತೆಂಗಿನ ತುರಿಮಣೆ, ರುಬ್ಬುವ ಕಲ್ಲು ಎಲ್ಲ ಸಾಲಾಗಿ ಕುಳಿತಿದ್ದರೆ, ನಡುವೆ ಕೋವಿಯ ಜಾಗ ಖಾಲಿ. ಧಣಿಗಳು ಒಂದು ಕ್ಷಣ ಯೋಚಿಸಿ ಪೊಲೀಸ್ ಪಾವತಿಯನ್ನೇ ಅಲ್ಲಿಟ್ಟು, ಕುಂಕುಮ ಹಚ್ಚಿ, ಹೂವಿಟ್ಟು, ಆರತಿ ಎತ್ತಿದರು.

ಅದೇ ಪಾವತಿ ಹಿಡಿದುಕೊಂಡು ನಾವಿಬ್ಬರೂ ನಗರದ ಪರವಾನಗಿ ಕಚೇರಿಗೆ ಹೋದೆವು. ಇಂಗ್ಲಿಷ್ ಬರೆಯಲು ನಾನು.

ಕೌಂಟರಿನ ಗುಮಾಸ್ತ ತಲೆ ಎತ್ತದೆ, ಮುದ್ರಿತ ಪಟ್ಟಿಯ ಮೇಲೆ ಪೆನ್ಸಿಲ್ ಓಡಿಸುತ್ತಾ ಹಿಂದಿಯಲ್ಲಿ ಕೇಳಿದ. ಸತ್ತವರಿಗೆ ಅರ್ಜಿದಾರ ಮಗನೇ? ಅಲ್ಲ. ತಮ್ಮನೇ? ಅಲ್ಲ. ವಿಧವೆಯೇ? ಧಣಿಗಳು ಮೀಸೆ ಮುಟ್ಟಿ ನೋಡಿಕೊಂಡು, "ನಹೀ ಸಾಬ್" ಎಂದರು, ಅಷ್ಟೇ ವಿನಯದಿಂದ. ಆಗ ಅವನು ತಲೆ ಎತ್ತಿದ. ಮೊದಲು ಮೀಸೆ ನೋಡಿದ, ಆಮೇಲೆ ಪಾವತಿ.

"ಯೇ ಲಾಲ್ ಕ್ಯಾ ಹೈ? ಖೂನ್?"

"ಕುಂಕುಮ್ ಸಾಬ್. ಪೂಜಾ ಕಿಯಾ."

"ರಸೀದ್ ಕೀ ಪೂಜಾ?"

ಧಣಿಗಳು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕೋವಿ ಇವರ ಹತ್ರ ಉಂಟಲ್ಲ, ಮತ್ತೆ ಯಾವುದಕ್ಕೆ ಮಾಡುವುದು? ಹೇಳಿ ಮಾರಾಯ್ರೆ ಇವರಿಗೆ" ಎಂದರು. ನಾನು ಅರ್ಜಿಯ ಹಾಳೆಯನ್ನು ಗುಮಾಸ್ತನ ಕಡೆ ಸರಿಸಿದೆ.

ಗುಮಾಸ್ತ ಕೊನೆಗೆ ದಾರಿ ತೋರಿಸಿದ. ಸತ್ತವರಿಗೆ ಮಗನಿದ್ದಾನಲ್ಲ? ಅವನಿಂದ 'ನನ್ನ ಅಭ್ಯಂತರವಿಲ್ಲ' ಎಂದು ಒಂದು ಸಾಲು ಬರೆಸಿ ತನ್ನಿ, ಸಾಕು. ಮುಂದಿನ ತಿಂಗಳು ಸಾಹೇಬರ ಎದುರು ವಿಚಾರಣೆ. ಅಷ್ಟರೊಳಗೆ ವಾರಸುದಾರ ಯಾರೆಂದು ತೀರ್ಮಾನವಾಗದಿದ್ದರೆ ಕೋವಿ ಸರಕಾರದ್ದು. ಸರಕಾರ ಅದನ್ನು ಮುರಿದು ಗುಜರಿಗೆ ಹಾಕುತ್ತದೆ.

ಒಂದು ಸಾಲು! ಹಿಂದಿರುಗುವ ಲೋಕಲಿನಲ್ಲಿ ನಾನು ಉಲ್ಲಾಸದಲ್ಲಿದ್ದೆ. ಧಣಿಗಳು ಮಾತ್ರ ಕುರ್ಲಾ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದರು. "ಅದು ಆಗುವ ಹೋಗುವ ಕೆಲಸ ಅಲ್ಲ ಮಾಷ್ಟ್ರೇ" ಎಂದರು. "ನಾನು ಭಾವನ ಹತ್ರ ಹೋಗಿ ನಿನ್ನ ಅಭ್ಯಂತರ ಇಲ್ಲ ಅಂತ ಬರೆದುಕೊಡು ಅಂದರೆ ಅರ್ಥ ಎಂತ? ಅವನಿಗೆ ಹಕ್ಕುಂಟು ಅಂತ ಆಯಿತು. ನಾನು ಅವನ ಕೈಯಿಂದ ಕಿತ್ತುಕೊಂಡೆ ಅಂತ ಆಯಿತು. ಮಾವ ಕೊಟ್ಟದ್ದಲ್ಲ ಅಂತ ಆಯಿತು."

ಭಾವ ಎಂದರೆ ಆ ಮಾವನ ಮಗ. ಕುರ್ಲಾದ ಚಾಳಿನಲ್ಲಿ ಮನೆ, ಒಂದು ಗಿರಣಿಯ ಕಚೇರಿಯಲ್ಲಿ ಟೈಪಿಸ್ಟ್. ಸಣಕಲು ದೇಹ, ಎದೆಯ ಜೇಬಿನಲ್ಲಿ ಸದಾ ಮಡಿಸಿದ ಕರವಸ್ತ್ರ. ಪ್ರತಿ ಭಾನುವಾರ ಹೋಟೆಲಿಗೆ ಬರುತ್ತಿದ್ದರು. ಅಪ್ಪ ಕಟ್ಟಿದ ಹೋಟೆಲು ಅದು. ಆದರೂ ಒಂದು ದಿನವೂ ಒಳಗಿನ ಕುರ್ಚಿಯಲ್ಲಿ ಕುಳಿತವರಲ್ಲ. ಗಿರಾಕಿಗಳ ಬೆಂಚಿನಲ್ಲಿ ಕುಳಿತು, ತಮಗಿಂತ ಮೊದಲು ಬಂದವರಿಗೆಲ್ಲ ತಿಂಡಿ ಬಂದಾದ ಮೇಲೆಯೇ ಎದುರಿನ ತಟ್ಟೆ ಮುಟ್ಟುತ್ತಿದ್ದರು. "ಒಳಗೆ ಬಾ ಭಾವ" ಎಂದು ಧಣಿಗಳು ಪ್ರತಿ ಭಾನುವಾರ ಕರೆಯುತ್ತಿದ್ದರು. "ಇಲ್ಲಿ ಗಾಳಿ ಒಳ್ಳೇದುಂಟು ಭಾವ" ಎಂದು ಅವರು ಪ್ರತಿ ಭಾನುವಾರ ಹೇಳುತ್ತಿದ್ದರು. ಅಲ್ಲಿ ಒಳ್ಳೆಯ ಗಾಳಿ ಇರಲಿಲ್ಲ. ಅದು ಬಚ್ಚಲಿನ ಪಕ್ಕ.

ಧಣಿಗಳು ಕೇಳುವುದಿಲ್ಲವೆಂದರೆ ನಾನೇ ಕೇಳುತ್ತೇನೆ ಎಂದು ಹೊರಟೆ. ಮುಂದಿನ ಭಾನುವಾರ ಬೆಂಚಿನಲ್ಲಿ ಅವರ ಪಕ್ಕ ಕುಳಿತು ವಿಷಯ ತೆಗೆದೆ. ಭಾವ ಇಡ್ಲಿ ಬಿಟ್ಟು, ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು.

"ನೀವು ಕಲಿತವರು. ನೀವೇ ಹೇಳಿ. ನನ್ನದಲ್ಲದ ವಸ್ತುವಿಗೆ ನಾನು ಅಭ್ಯಂತರ ಇಲ್ಲ ಅಂತ ಬರೆಯುವುದು ಹೇಗೆ? ಬರೆದರೆ, ಅಭ್ಯಂತರ ಮಾಡುವ ಹಕ್ಕು ನನಗಿತ್ತು ಅಂತ ಆಗ್ತದಲ್ವಾ?"

"ಸುಮ್ನ ಒಂದ್ ಕಾಗದ ಅದರೀ, ಬರೀರಲಾ" ಎಂದೆ.

"ನಾಳೆ ನೀವು ಭಾಂಡುಪ್ ಸ್ಟೇಷನ್ ರೈಲ್ವೆಯವರ ಹತ್ರ ಇರ್ಲಿಕ್ಕೆ ನನ್ನ ಅಭ್ಯಂತರ ಇಲ್ಲ ಅಂತ ಬರೆಯಿರಿ ಅಂತೀರಿ. ಬರೆದರೆ ಜನ ಎಂತ ಹೇಳ್ತಾರೆ? ಇವನಿಗೆ ಹುಚ್ಚು ಅಂತಾರೆ. ಭಾವನ ಕೋವಿ ಅದು. ಅವನಿಗೆ ಅವಮಾನ ಮಾಡುವ ಕಾಗದ ನಾನು ಟೈಪ್ ಮಾಡುವುದಿಲ್ಲ."

ಎರಡೂ ಕಡೆ ಮರ್ಯಾದೆ ಹೆಚ್ಚಾದರೆ ವ್ಯವಹಾರ ನಿಂತುಬಿಡುತ್ತದೆ ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಿರಲಿಲ್ಲ. ವಿಚಾರಣೆಯ ನೋಟಿಸು ಇಬ್ಬರಿಗೂ ಬಂತು. ಧಣಿಗಳ ಊಟ ಕಡಿಮೆಯಾಯಿತು. ಒಂದು ಸಂಜೆ ಖಾಲಿ ಮೊಳೆಗಳನ್ನು ನೋಡುತ್ತಾ, "ಹೋಟೆಲಾದರೆ ನಾನೇ ದುಡಿದು ಮಾಡಿದ್ದು ಅಂತ ಬಾಯಿ ಬಡಿದುಕೊಳ್ಳಬಹುದು. ಮಾವ ಕೈಯಾರೆ ಕೊಟ್ಟದ್ದು ಅದೊಂದೇ. ಅದು ಗುಜರಿಗೆ ಹೋದರೆ ನಾನು ಎಂತ ಅಳಿಯ?" ಎಂದರು. ನಾನು ರೂಮಿಗೆ ಹೋಗಿ ದೊಡ್ಡ ಹಾಳೆ ತೆಗೆದು ಅವರ ವಂಶವೃಕ್ಷ ಬರೆಯಲು ಕುಳಿತೆ. ಹೆಂಗಸರಿಗೆ ಕೆಂಪು ಶಾಯಿ, ಗಂಡಸರಿಗೆ ನೀಲಿ. ಜತೆಗೆ ಅಳಿಯಕಟ್ಟಿನ ಬಗ್ಗೆ ನಾಲ್ಕು ಪುಟ ಇಂಗ್ಲಿಷ್ ಟಿಪ್ಪಣಿ.

ವಿಚಾರಣೆಯ ದಿನ ಮೂವರೂ ಸಾಹೇಬರ ಮೇಜಿನೆದುರು ಕುಳಿತೆವು. ಮರಾಠಿ ಮನುಷ್ಯ, ನಿವೃತ್ತಿಗೆ ಹತ್ತಿರವಾದವರು. ಕನ್ನಡಕವಿತ್ತೆಂದು ನನ್ನ ನೆನಪು. ಹೇಳುವಾಗ ಚೆನ್ನಾಗಿರಲೆಂದು ನಾನೇ ಹಾಕಿಸಿರಲೂಬಹುದು. ಹಿಂದಿಯಲ್ಲೇ ಮಾತು. ಮೊದಲು ಭಾವನನ್ನು ನೋಡಿದರು.

"ಸತ್ತವರ ಮಗ ನೀವಾ?"

"ಹೌದು ಸರ್."

"ಸ್ವಂತ ಮಗ?"

"ಹೌದು ಸರ್."

"ಅಪ್ಪನ ಜತೆ ಜಗಳ ಇತ್ತಾ?"

"ಇಲ್ಲ ಸರ್. ಕೊನೇ ತನಕ ನಮ್ಮ ಮನೆಯಲ್ಲೇ ಇದ್ದರು. ನಾನೇ ಸ್ನಾನ ಮಾಡಿಸ್ತಿದ್ದೆ."

"ಹಾಗಾದರೆ ವಾರಸುದಾರರು ನೀವು."

ಭಾವನಿಗೆ ನಿಜವಾಗಿಯೂ ಗಾಬರಿಯಾಯಿತು. "ನಾನು ಹೇಗಾಗ್ತೇನೆ ಸರ್? ನಾನು ಮಗ ಅಲ್ವಾ?"

ಸಾಹೇಬರು ಪೆನ್ನು ಕೆಳಗಿಟ್ಟರು. ಅದೇ ಸಮಯವೆಂದು ನಾನು ವಂಶವೃಕ್ಷ ಬಿಡಿಸಿ ಮೇಜಿನ ಮೇಲೆ ಹಾಸಿದೆ. ಅವರು ಅದನ್ನು ಮೊದಲು ತಲೆಕೆಳಗಾಗಿ ನೋಡಿದರು, ಆಮೇಲೆ ಸರಿಮಾಡಿ ನೋಡಿದರು. ಎರಡಕ್ಕೂ ಮುಖಭಾವ ಒಂದೇ ಇತ್ತು. ನಾನು ವಿವರಿಸಿದೆ. ಐದು ನಿಮಿಷವೋ, ಅರ್ಧ ಗಂಟೆಯೋ... ಕೊನೆಗೆ ಅವರ ಹುಬ್ಬು ಮೇಲೇರಿತು.

"ಅಂದರೆ, ಈ ಲೆಕ್ಕದಲ್ಲಿ ನನ್ನ ಸ್ಕೂಟರ್ ನನ್ನ ಮಗನಿಗಲ್ಲ, ಥಾಣೆ ಊರಿನಲ್ಲಿರುವ ನನ್ನ ಅಕ್ಕನ ಮಗನಿಗೆ?"

"ಹೌದು ಸರ್" ಎಂದರು ಧಣಿಗಳು, ಬಹಳ ಸಮಾಧಾನದಿಂದ.

"ಆ ಗಧಡಾನಿಗೆ?" ಎಂದು, ಕತ್ತೆಯೆಂದು ಬೈಯುವ ಭರದಲ್ಲಿ ಸಾಹೇಬರು ಮರಾಠಿಗೆ ಜಾರಿದರು. "ಅರೇ ದೇವಾ."

ಆಮೇಲೆ ತೋಟೆಯ ವಿಷಯ ಬಂತು. ಪರವಾನಗಿ ಪುಸ್ತಕದಲ್ಲಿ ಐದು, ಠಾಣೆಯಲ್ಲಿ ನಾಲ್ಕು. ಐದನೆಯದೆಲ್ಲಿ? ಮದ್ದುಗುಂಡಿನ ವಿಷಯದಲ್ಲಿ ಸರಕಾರ ಒಂದನ್ನೂ ಬಿಡುವುದಿಲ್ಲ ಎಂದರು. ಮಾವ ಅದನ್ನು ಚಿರತೆಗೆ ಹಾರಿಸಿದ್ದು ಎಂದು ಧಣಿಗಳು ಹೇಳಿದರು.

"ಚಿರತೆ ಅಲ್ಲ ಸರ್" ಎಂದರು ಭಾವ. "ಪಕ್ಕದವರ ಎಮ್ಮೆ ಕರು."

"ಚಿರತೆಯೇ ಭಾವ. ಮಾವನೇ ಹೇಳಿದ್ದು."

"ನಿನ್ನ ಹತ್ರ ಚಿರತೆ ಅಂತ ಹೇಳಿದ್ದು. ಮನೆಯಲ್ಲಿ ಕರು ಅಂತ ಹೇಳಿದ್ದು. ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು."

"ಸತ್ತಿತಾ?" ಎಂದು ಸಾಹೇಬರು ನಡುವೆ ಬಂದರು.

"ಇಲ್ಲ ಸರ್" ಎಂದು ಇಬ್ಬರೂ ಒಟ್ಟಿಗೆ ಹೇಳಿದರು. "ನೀರಿನ ಟಾಂಕಿ ತೂತಾಯಿತು."

ಕೋವಿಯ ವಿಷಯದಲ್ಲಿ ಒಂದು ಸೊಲ್ಲೂ ಎತ್ತದ ಆ ಇಬ್ಬರು ಕರುವಿನ ವಿಷಯಕ್ಕೆ ಜಗಳಕ್ಕೆ ನಿಂತದ್ದನ್ನು ನೋಡಿ ಸಾಹೇಬರು ನಗು ತಡೆಯಲು ನೀರು ಕುಡಿದರು. ಆಮೇಲೆ ಏನೋ ಬರೆದು, ಸಹಿ ಹಾಕಿ, ಮೊಹರು ಒತ್ತಿಸಿದರು. ಕೋವಿ ಧಣಿಗಳದ್ದಾಯಿತು. ಹೊರಗೆ ಬಂದ ಮೇಲೆ ಧಣಿಗಳು ನನ್ನ ಕೈ ಹಿಡಿದು, "ನಿಮ್ಮ ಆ ಕೆಂಪು ನೀಲಿ ಕಾಗದ ಉಳಿಸಿತು ಮಾಷ್ಟ್ರೇ" ಎಂದರು. ಭಾವನೂ ತಲೆಯಾಡಿಸಿದರು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ.

ಅಲ್ಲಿಂದ ಮುಂದೆ ಚುನಾವಣೆ ಬಂದಾಗಲೆಲ್ಲ, ಪರವಾನಗಿ ಇರುವ ಎಲ್ಲ ಬಂದೂಕುಗಳಂತೆ ಆ ಕೋವಿಯೂ ಠಾಣೆಗೆ ಹೋಗಿ ಬರುತ್ತಿತ್ತು. "ಮಾವ ಲಾಕಪ್ಪಿನಲ್ಲಿದ್ದಾರೆ" ಎಂದು ಧಣಿಗಳು ಗಿರಾಕಿಗಳಿಗೆ ಹೇಳುತ್ತಿದ್ದರು. ಶನಿವಾರ ತೆಂಗಿನೆಣ್ಣೆಯ ಬಾಟಲಿ ಹಿಡಿದು ಅಲ್ಲಿಗೂ ಹೋಗುತ್ತಿದ್ದರಂತೆ, ಠಾಣೆಯವರು ಹಚ್ಚಲು ಬಿಡುತ್ತಿದ್ದರಂತೆ. ಇದನ್ನು ನಾನು ನೋಡಿಲ್ಲ, ನಂಬುತ್ತೇನೆ. ನಾನಾದರೋ ಆ ವಿಚಾರಣೆಯ ಕತೆಯನ್ನು ಇಪ್ಪತ್ತು ವರ್ಷ ಹೇಳಿಕೊಂಡು ತಿರುಗಿದೆ. ನಾಲ್ಕು ಪುಟ ಇಂಗ್ಲಿಷು ಒಂದು ಇಡೀ ಕಚೇರಿಯನ್ನು ಮಣಿಸಿದ ಕತೆ.

ಈಗ ಆ ಹೋಟೆಲಿಲ್ಲ. ಅಲ್ಲಿ ಹತ್ತು ಮಹಡಿಯ ಬಿಲ್ಡಿಂಗು. ಭಾವ ಮೊದಲು ಹೋದರು, ಕೆಲವು ವರ್ಷಗಳ ನಂತರ ಧಣಿಗಳು. ಅಳಿಯಕಟ್ಟಿನ ಪ್ರಕಾರ ವಾರಸುದಾರನಾಗಬೇಕಿದ್ದ ಧಣಿಗಳ ತಂಗಿಯ ಮಗ ಹಡಗಿನ ಕೆಲಸದಲ್ಲಿದ್ದ; ಕೋವಿ ಬೇಡ ಎಂದು ಯಾವುದೋ ಬಂದರಿನಿಂದ ಪತ್ರ ಬರೆದ. ಕೋವಿಯನ್ನು ಸರಕಾರಕ್ಕೆ ಒಪ್ಪಿಸಲು ಧಣಿಗಳ ಮಗಳ ಜತೆ ಹೋದವನು ನಾನೇ. ಆ ಕೋವಿ ಈಗ ಯಾವ ರೂಪದಲ್ಲಿದೆಯೋ, ಬಹುಶಃ ಯಾರದೋ ಮನೆಯ ಬಾಗಿಲ ಚಿಲಕವಾಗಿರಬಹುದು... ಆ ಇಬ್ಬರನ್ನು ಕೇಳಿ ತಿಳಿಯಬೇಕಾದ್ದು ಎಷ್ಟೋ ಇತ್ತು. ಕರುವೋ ಚಿರತೆಯೋ ಎಂಬುದನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ. ಕನ್ನಡಕದ ಬಗ್ಗೆ, ಸ್ಕೂಟರಿನ ಬಗ್ಗೆ ನಾನು ಆಣೆ ಮಾಡಲಾರೆ.

ಒಂದು ಸಂಗತಿಯನ್ನು ಮಾತ್ರ ಕಣ್ಣಾರೆ ಓದಿ ಖಚಿತಪಡಿಸಿಕೊಂಡಿದ್ದೇನೆ. ಕೋವಿ ಒಪ್ಪಿಸಿದ ದಿನ ಅದೇ ಪರವಾನಗಿ ಕಚೇರಿಯ ಗುಮಾಸ್ತನೊಬ್ಬ ಹಳೆಯ ಕಡತ ತೆಗೆದು ನನ್ನೆದುರಿಗಿಟ್ಟು ಚಹಾಕ್ಕೆ ಎದ್ದುಹೋದ. ನನ್ನ ವಂಶವೃಕ್ಷಕ್ಕಾಗಿ ಹುಡುಕಿದೆ. ಇರಲಿಲ್ಲ, ನಾಲ್ಕು ಪುಟ ಟಿಪ್ಪಣಿಯೂ ಇರಲಿಲ್ಲ. ವಿಚಾರಣೆಯ ನೋಟಿಸಿನ ಕೆಳಗೆ, ಒಂದೂ ತಪ್ಪಿಲ್ಲದೆ ನೀಟಾಗಿ ಟೈಪ್ ಮಾಡಿದ ಒಂದೇ ಸಾಲಿನ ಪತ್ರವಿತ್ತು: ನನ್ನ ತಂದೆಯ ಕೋವಿಯನ್ನು ಅವರ ಸೋದರಳಿಯನಿಗೆ ಕೊಡಲು ನನ್ನ ಅಭ್ಯಂತರವಿಲ್ಲ. ಕೆಳಗೆ ಭಾವನ ಸಹಿ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಎರಡು ಸಲ ನೋಡಿದೆ. ಕಚೇರಿಯವರು ಪತ್ರ ಸ್ವೀಕರಿಸಿದ ಮೊಹರಿನ ದಿನಾಂಕ, ನಾವು ಮೂವರೂ ಒಟ್ಟಿಗೆ ಸಾಹೇಬರೆದುರು ಕುಳಿತ ದಿನಕ್ಕಿಂತ ಒಂದು ದಿನ ಹಿಂದಿನದು.